ಬಿ.ಪಿ.ಗೆ ದುಬೈ ಚಾಕಲೇಟು

ಹೃದಯದ ಆರೋಗ್ಯವನ್ನು ನನ್ನಷ್ಟು ಗಂಭೀರವಾಗಿ ತೆಗೆದುಕೊಂಡವರು ನಮ್ಮ ಇಡೀ ಜೆಪ್ಪು ಕೇರಿಯಲ್ಲಿ ಇನ್ನೊಬ್ಬರಿಲ್ಲ. "ಈಸ್ಟರಿನೊಳಗೆ ಬಿ.ಪಿ. ಇಳಿಯದಿದ್ದರೆ ಹಬ್ಬಕ್ಕೂ ಹಂದಿಮಾಂಸದ ಬಫಾತ್ ಇಲ್ಲ" ಎಂದು ಡಾಕ್ಟರರು ಹೇಳಿದ್ದರು. ತಪಸ್ಸುಕಾಲದ ನಲುವತ್ತು ದಿನ ಮಾಂಸ ಬಿಟ್ಟವನಿಗೆ ಈ ಶಿಕ್ಷೆಯೇ!

ಆಗಲೇ ಮೊಬೈಲಿನಲ್ಲಿ ಓದಿದೆ: ಚಾಕಲೇಟು ರಕ್ತದೊತ್ತಡವನ್ನು ತುಸು ಇಳಿಸಬಹುದು, ಕಹಿಯಾಗಿದ್ದಷ್ಟೂ ಒಳ್ಳೆಯದು, ಮಿತವಾಗಿ ತಿನ್ನಬೇಕು. 'ತುಸು', 'ಬಹುದು', 'ಕಹಿ', 'ಮಿತ' ಬಿಟ್ಟು ಉಳಿದದ್ದೆಲ್ಲ ನನಗೆ ಚೆನ್ನಾಗಿ ಮನದಟ್ಟಾಯಿತು!

ಔಷಧಿ ಮನೆಯಲ್ಲೇ ಇತ್ತು. ದುಬೈಯಲ್ಲಿ ನರ್ಸ್ ಆಗಿರುವ ಮಗಳು ರಜೆಗೆ ಬಂದಾಗ ತಂದ ಚಾಕಲೇಟನ್ನು ನನ್ನ ಹೆಂಡತಿ ಲಿಲ್ಲಿ ನೆರೆಮನೆಗೊಂದರಂತೆ ಪೊಟ್ಟಣ ಕಟ್ಟಿ, ಹೆಸರು ಬರೆದು, ಹಬ್ಬಕ್ಕೆ ಹಂಚಲೆಂದು ಕಪಾಟಿನ ಮೇಲಿಟ್ಟಿದ್ದಳು. ಗಲ್ಫ್ ಚಾಕಲೇಟು ಹಂಚದ ಮನೆಯವರು ನಮ್ಮ ಕೇರಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಯಾರಿಗೂ ಅನ್ಯಾಯವಾಗದಂತೆ ಪ್ರತಿ ಪೊಟ್ಟಣದಿಂದಲೂ ದಿನಕ್ಕೊಂದೊಂದೇ ತೆಗೆದು ಸೇವಿಸಿದೆ. ಹತ್ತನೇ ದಿನಕ್ಕೆ ಪೊಟ್ಟಣಗಳಲ್ಲಿ ಉಳಿದದ್ದು ನೆರೆಯವರ ಹೆಸರು ಮಾತ್ರ!

ಹಬ್ಬದ ಮುನ್ನಾದಿನ ಹಂಪನಕಟ್ಟೆ ಪೇಟೆಗೆ ಓಡಿ, ಗಲ್ಫ್ ಸಾಮಾನಿನ ಅಂಗಡಿಯಿಂದ ಅಂಥದ್ದೇ ಚಾಕಲೇಟು ತಂದು ತುಂಬಿಸಿದೆ. ಸಂಜೆ ಲಿಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ಮೊದಲ ಪೊಟ್ಟಣವನ್ನು ಪಕ್ಕದ ಮನೆಯ ಸುಮತಿಯಕ್ಕನಿಗೆ ಕೊಟ್ಟಳು. ಅವರು ನಿವೃತ್ತ ನರ್ಸ್. ಚೀಟಿ ಓದದೆ ಏನನ್ನೂ ಬಾಯಿಗಿಡುವವರಲ್ಲ.

"ಲಿಲ್ಲಿ ಬಾಯಿ, ದುಬೈಯಲ್ಲಿಯೂ ಹಂಪನಕಟ್ಟೆ ಉಂಟಾ?"

ಚಾಕಲೇಟಿನ ಬೆನ್ನಿಗೆ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು! ಲಿಲ್ಲಿಯ ಮುಖ ಬಿಳುಚಿತು. ಮಗಳು ಏನೂ ತರಲಿಲ್ಲ, ತಾಯಿ ಪೇಟೆಯದ್ದನ್ನು ಹಂಚುತ್ತಾಳೆ ಎಂದು ಕೇರಿಯೆಲ್ಲ ಮಾತಾಡಿದರೆ? ನನಗೆ ನಿಜಕ್ಕೂ ನಾಚಿಕೆಯಾಯಿತು.

"ಮಗಳು ತಂದದ್ದನ್ನು ನಾನೇ ತಿಂದೆ, ಸುಮತಿಯಕ್ಕ. ಬಿ.ಪಿ.ಗೆ."

"ಎಂತ? ಬಿ.ಪಿ.ಗಾ? ಬನ್ನಿ ಮಾಷ್ಟ್ರೆ, ನೋಡುವ!"

ಅವರು ಬಿ.ಪಿ. ನೋಡುವ ಯಂತ್ರ ತಂದು ನನ್ನ ತೋಳಿಗೆ ಕಟ್ಟಿಯೇಬಿಟ್ಟರು. ಎದುರಿಗೆ ಸೊಂಟಕ್ಕೆ ಕೈಯಿಟ್ಟು ನಿಂತ ಲಿಲ್ಲಿ! ಬಿ.ಪಿ. ಇಳಿಯುವುದುಂಟೇ?

"ಏರಿದೆ ಮಾರಾಯ್ರೆ! ಇದು ಹಾಲಿನ ಚಾಕಲೇಟು, ಪೂರಾ ಸಕ್ಕರೆ. ತಿನ್ನುವುದಾದರೆ ಕಹಿಯದ್ದು ತಿನ್ನಬೇಕಿತ್ತು."

ಸುಮತಿಯಕ್ಕ ಬಿದ್ದು ಬಿದ್ದು ನಕ್ಕರು. ಲಿಲ್ಲಿಗೂ ನಗು ತಡೆಯಲಾಗಲಿಲ್ಲ. ಬಚಾವಾದೆ ಎಂದುಕೊಂಡೆ.

ಮರುದಿನ ಹಬ್ಬದ ಊಟ. ಎಲ್ಲರ ಬಟ್ಟಲಲ್ಲಿ ಬಫಾತ್, ನನ್ನ ಬಟ್ಟಲಲ್ಲಿ ಹಾಗಲಕಾಯಿ ಪಲ್ಯ!

"ಇದು ಎಂತ ಲಿಲ್ಲಿ?"

"ಕಹಿಯಾದಷ್ಟೂ ಹೃದಯಕ್ಕೆ ಒಳ್ಳೆಯದಂತಲ್ಲ? ತಿನ್ನಿ."

ನಿವೃತ್ತ ಮೇಷ್ಟ್ರಾದ ನನಗೆ ಅಂದು ಬಿಟ್ಟುಹೋದ ಪಾಠವೂ ತಲೆಗೆ ಹತ್ತಿತು. ಬಹಳ ಮಿತವಾಗಿ ತಿಂದೆ!