ಕಪ್ಪೆ ಮೊಟ್ಟೆಯೂ ಕಾಮಕಸ್ತೂರಿಯೂ

ಪಾಠ ಹೇಳುವವರೆಲ್ಲರ ಹೊಟ್ಟೆಯಲ್ಲೂ ಒಂದೊಂದು ಸುಳ್ಳು ಬೆಚ್ಚಗೆ ಕೂತಿರುತ್ತದೆ. ಭೂಗೋಳದ ಮೇಷ್ಟ್ರು ಸಹರಾ ಮರುಭೂಮಿ ಕಂಡಿರುವುದಿಲ್ಲ, ಚರಿತ್ರೆಯ ಮೇಷ್ಟ್ರು ಪಾಣಿಪತ್ತಿನ ದಾರಿಯಲ್ಲೂ ಹೋಗಿರುವುದಿಲ್ಲ. ಅವರ ಪುಣ್ಯ, ‘ನೀವು ನೋಡಿದ್ದೀರಾ’ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಾನು ಮೂಡಿಗೆರೆಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಕಪ್ಪೆಯ ಮೊಟ್ಟೆ ಒಂದಿದ್ದದ್ದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುವ ಪಾಠ ನನಗೆ ಪಂಚಪ್ರಾಣ. ಕೈಯ ಬಳೆ ತೆಗೆದು ಬೋರ್ಡಿಗೆ ಒತ್ತಿ ಹಿಡಿದು ಸುತ್ತ ಚಾಕ್‌ಪೀಸ್ ಎಳೆದರೆ ಎಂಟು ಗುಂಡುಗಳು ಒಂದೇ ಅಳತೆಯಲ್ಲಿ ಮೂಡುತ್ತಿದ್ದವು. ಪುಸ್ತಕದಲ್ಲಿ ಆ ಚಿತ್ರ ಕೊಂಚ ವಕ್ರವಾಗಿದೆ, ಮೇಲಿನ ನಾಲ್ಕು ಸಣ್ಣ, ಕೆಳಗಿನ ನಾಲ್ಕು ದೊಡ್ಡ. ಅಚ್ಚು ಹಾಕಿದವರ ಅಸಡ್ಡೆ ಎಂದುಕೊಂಡು ನಾನೇ ತಿದ್ದಿ ಬರೆಯುತ್ತಿದ್ದೆ.

ಇನ್ನು ತಪ್ಪೊಪ್ಪಿಗೆ. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಕಪ್ಪೆ ಮೊಟ್ಟೆಯನ್ನು ಕಣ್ಣಾರೆ ಕಂಡವಳಲ್ಲ. ಕಾರಣ ಸರಳ, ನನಗೆ ಕಪ್ಪೆ ಎಂದರೆ ಭಯ. ಮಳೆ ಹಿಡಿದ ಮೇಲೆ ನಮ್ಮ ಬಚ್ಚಲಿಗೆ ಕಪ್ಪೆ ಬರುವುದು ಮಾಮೂಲು. ಆಗ ಜೀವಶಾಸ್ತ್ರದ ಈ ಉಪನ್ಯಾಸಕಿ ಸ್ಟೂಲಿನ ಮೇಲೆ ಹತ್ತಿ ನಿಂತು ‘ರೀ!’ ಎಂದು ಕೂಗುತ್ತಾಳೆ. ನಮ್ಮ ಯಜಮಾನರು ಬಕೆಟ್ಟು ಹಿಡಿದು ಬರುತ್ತಾರೆ. ಅವರು ಊರಾಚೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರು, ಅಂದರೆ ಬೆಳಿಗ್ಗೆ ಹಾಜರಿ ಕರೆದು ಆಳುಗಳಿಗೆ ಕೆಲಸ ಹಂಚುವವರು. ನಾವು ಇರುವುದೂ ಎಸ್ಟೇಟಿನ ಮನೆಯಲ್ಲೇ. “ಕಪ್ಪೆ ಮೇಲೆ ಪಾಠ ಮಾಡ್ತಿ, ಕಪ್ಪೆ ಕಂಡ್ರೆ ಹೀಗಾಡ್ತಿಯಲ್ಲೇ ಮಾರಾಯ್ತಿ” ಎಂದು ಅತ್ತೆ ಪ್ರತಿ ಮಳೆಗಾಲವೂ ಒಂದು ಸಲ ಹೇಳಿ ಮುಗಿಸುತ್ತಾರೆ.

ಈ ಸಲ ಜೂನಿನ ಒಂದು ಗುರುವಾರ ಶಬಾನಾ ಎದ್ದು ನಿಂತಳು. ಜೀಪು ರಿಪೇರಿಯ ಗ್ಯಾರೇಜಿನವರ ಮಗಳು, ಎರಡನೇ ಬೆಂಚು, ಯಾವುದನ್ನೂ ಬಿಚ್ಚಿ ನೋಡದೆ ನಂಬುವ ಜಾತಿಯವಳಲ್ಲ. “ಮೇಡಂ, ಒಂದೇ ಮೊಟ್ಟೆಯಿಂದ ಬಂದ ಜೀವಕೋಶಗಳು. ಎಲ್ಲದರಲ್ಲೂ ಅದೇ ಜೀನ್‌ಗಳು ಅಂತ ನೀವೇ ಹೇಳಿದ್ರಿ. ಮತ್ತೆ ನೀನು ಕಣ್ಣಾಗು, ನೀನು ಬಾಲ ಆಗು ಅಂತ ಅವಕ್ಕೆ ಹೇಳೋರು ಯಾರು?” ಎಂದಳು. ನಾನು, ಎಲ್ಲ ಜೀನ್‌ಗಳೂ ಎಲ್ಲ ಕೋಶದಲ್ಲೂ ಕೆಲಸ ಮಾಡುವುದಿಲ್ಲ, ಒಂದೊಂದು ಕಡೆ ಒಂದೊಂದು ಎಚ್ಚರವಾಗುತ್ತದೆ, ಉಳಿದವು ಸುಮ್ಮನಿರುತ್ತವೆ ಎಂದೆ. “ಅದು ಗೊತ್ತಾಯ್ತು ಮೇಡಂ. ಎಬ್ಬಿಸೋರು ಯಾರು?” ಎಂದಳು. ಪುಸ್ತಕದಲ್ಲಿದ್ದ ನಾಲ್ಕು ಸಾಲು ಒಪ್ಪಿಸಿದೆ. ನನಗೇ ಸಪ್ಪೆ ಎನಿಸಿತು. ಆಮೇಲೆ ಅವಳು ಮೆಲ್ಲಗೆ “ಮೊಟ್ಟೆ ಒಡೆದು ಎರಡಾಗೋದು ನೀವು ನೋಡಿದೀರಾ ಮೇಡಂ?” ಎಂದು ಕೇಳಿದಳು.

ಇಲ್ಲ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಜಂಭ ಬಿಡಬೇಕಲ್ಲ. “ನೋಡದೇ ಏನು? ಎಷ್ಟೋ ಸಲ!” ಎಂದುಬಿಟ್ಟೆ. ಸಾಕ್ಷಿಗೆ ಬಳೆ ತೆಗೆದು ಎಂಟೂ ಗುಂಡುಗಳನ್ನು ಅಚ್ಚುಕಟ್ಟಾಗಿ ಬರೆದೂ ತೋರಿಸಿದೆ. ಶಬಾನಾ ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ “ಹಾಗಾದ್ರೆ ನಮಗೂ ತೋರಿಸಿ ಮೇಡಂ” ಎಂದಳು. ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. “ಶನಿವಾರ ತೋರಿಸ್ತೀನಿ” ಎಂದು ನನ್ನ ಬಾಯಿಯೇ ಹೇಳಿತು. ಇಪ್ಪತ್ತೆರಡು ವರ್ಷ ಕಷ್ಟಪಟ್ಟು ಉಳಿಸಿಕೊಂಡ ಮರ್ಯಾದೆಗೆ ನಾನೇ ಎರಡು ದಿನದ ಗಡುವು ಕೊಟ್ಟಿದ್ದೆ.

ಶುಕ್ರವಾರ ಕೊಡೆ ಹಿಡಿದು ತೋಟದ ಹೊಂಡಗಳನ್ನೆಲ್ಲ ಸುತ್ತಿದೆ. ಕಪ್ಪೆ ಕಂಡಲ್ಲಿ ನಾನು ಹಾರಿದೆ, ನನ್ನನ್ನು ಕಂಡು ಕಪ್ಪೆ ಹಾರಿತು, ಮೊಟ್ಟೆ ಮಾತ್ರ ಕಾಣಲಿಲ್ಲ. ಸಂಜೆ ವಿಷಯ ಹೇಳಿದಾಗ ಯಜಮಾನರು ಬಿದ್ದು ಬಿದ್ದು ನಕ್ಕರು. ಬಾಯಿಯಲ್ಲಿ ಹುಣ್ಣಾಗಿದ್ದರಿಂದ ನಗು ಅರ್ಧಕ್ಕೇ ನಿಂತಿತು. ದೇವರು ಇದ್ದಾನೆ ಎನಿಸಿತು. ಮಗನ ಮೈ ಉಷ್ಣವಾಗಿದೆ ಎಂದು ತೀರ್ಮಾನಿಸಿದ ಅತ್ತೆ ಸ್ಟೀಲ್ ಬಟ್ಟಲಲ್ಲಿ ಕಾಮಕಸ್ತೂರಿ ಬೀಜ ನೆನೆಹಾಕಿದರು.

ಶನಿವಾರ ಬೆಳಿಗ್ಗೆ ಏಳಕ್ಕೆ ಎಸ್ಟೇಟಿನ ಸ್ಟೋರಿನ ಮುಂದೆ ಆಳುಗಳ ಹಾಜರಿ. ನಾನೂ ಹೋಗಿ ನಿಂತೆ, ಅಲ್ಲಿನ ಹೆಂಗಸರಲ್ಲಿ ಯಾರಾದರೂ ಕಂಡಿರಬಹುದೆಂಬ ಆಸೆಯಿಂದ. ಕೇಳಿದ್ದೇ ತಡ, ಅವರಲ್ಲೊಬ್ಬಳಾದ ಗಿರಿಜಕ್ಕ ಬಾಯಿ ತುಂಬ ಎಲೆಯಡಿಕೆಯಿಟ್ಟುಕೊಂಡು ನಕ್ಕಳು. “ಅಯ್ಯೋ ಮೇಡಮ್ಮಾ, ಅದಕ್ಕೆಂತ ಹುಡುಕೋದು? ಸ್ಟೋರಿನ ಹಿಂದೆ ಹಾಳು ತೊಟ್ಟಿ ಇಲ್ವಾ, ಈಗಿನ್ನೂ ಇಡ್ತಾ ಕೂತಿದಾವೆ, ಬನ್ನಿ” ಎಂದು ಕೈಹಿಡಿದು ಕರೆದುಕೊಂಡು ಹೋದಳು. ಮಳೆನೀರು ತುಂಬಿದ ಹಳೇ ಸಿಮೆಂಟ್ ತೊಟ್ಟಿಯಲ್ಲಿ ಗಂಡು ಹೆಣ್ಣು ಕಪ್ಪೆಗಳು ಸಂಸಾರದಲ್ಲಿದ್ದವು. ಗಿರಿಜಕ್ಕ ಅವುಗಳ ಪಕ್ಕದಿಂದಲೇ ಲೋಳೆಯ ಸಮೇತ ಒಂದು ಬೊಗಸೆ ಎತ್ತಿ, ನಾನು ತಂದಿದ್ದ ಸ್ಟೀಲ್ ಬಟ್ಟಲಿಗೆ ಹಾಕಿದಳು. ನಾನು ಕಣ್ಣು ಮುಚ್ಚಿಕೊಂಡು ಬಟ್ಟಲು ಹಿಡಿದಿದ್ದೆ.

ಈ ಗಿರಿಜಕ್ಕನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಫಿ ಗಿಡದಲ್ಲಿ ಬೇಡದ ಚಿಗುರು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಹಾಜರಿಯಲ್ಲಿ ಎಲ್ಲರೂ ಒಂದೇ. ಯಾರು ಯಾವ ಕೆಲಸಕ್ಕೂ ಹೋಗಬಹುದು. ಸ್ಟೋರಿನ ಬಾಗಿಲ ಹತ್ತಿರ ನಿಂತವರು ನರ್ಸರಿಗೆ, ದಾರಿಯ ಕಡೆ ನಿಂತವರು ಚಿಗುರಿಗೆ ಎಂದು ಯಜಮಾನರು ಕೈ ತೋರಿಸಿ ಕಳಿಸುತ್ತಾರೆ. ಅದಕ್ಕೆ ಮೊದಲು ಆಚೆಯವಳನ್ನು ಈಚೆ ನಿಲ್ಲಿಸಿದರೆ ಈಚೆಯ ಕೆಲಸವೇ ಅವಳ ಕೆಲಸ. ಕೆಲಸ ಹಿಡಿದ ಮೇಲೆ ಮಾತ್ರ ಹಾಗಲ್ಲ. ಹಿಂದೊಮ್ಮೆ ಚಿಗುರು ತೆಗೆಯುತ್ತಿದ್ದ ಗಿರಿಜಕ್ಕನನ್ನು ಯಜಮಾನರು ಮಧ್ಯಾಹ್ನದ ಮೇಲೆ ನರ್ಸರಿಯಲ್ಲಿ ಕಳೆ ಕೀಳಲು ಕಳಿಸಿದರು. ಸಂಜೆ ಹೋಗಿ ನೋಡಿದರೆ ಮೂರು ಸಾಲು ಎಳೇ ಸಸಿಗಳ ತುದಿಯೇ ಇಲ್ಲ. ಎಲ್ಲವನ್ನೂ ಚಿವುಟಿ ಹಾಕಿದ್ದಳು. “ಬೆಳಿಗ್ಗೆ ಹಾಜರೀಲಿ ಚಿಗುರು ಅಂತ ಹೇಳಿದ್ರಲ್ಲ ರೈಟ್ರೇ, ಕೈ ಅದೇ ಮಾಡ್ತು” ಎಂದಳಂತೆ. ಆ ಸಸಿಗಳ ನೆನಪಾದರೆ ಇವರಿಗೆ ಇವತ್ತೂ ಊಟ ಸೇರುವುದಿಲ್ಲ.

ಬಟ್ಟಲನ್ನು ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆಯ ಕಾಮಕಸ್ತೂರಿ ಬಟ್ಟಲಿನ ಪಕ್ಕದಲ್ಲಿಟ್ಟು ಸ್ನಾನಕ್ಕೆ ಹೋದೆ. ನಾನು ಮಾಡಿದ ತಪ್ಪು ಅದೊಂದೇ. ತಲೆಗೆ ಟವೆಲ್ ಸುತ್ತಿಕೊಂಡು ಬಂದರೆ ಕಟ್ಟೆಯ ಮೇಲೆ ಒಂದೇ ಬಟ್ಟಲು! ನೆನೆದ ಕಾಮಕಸ್ತೂರಿ ಬೀಜವನ್ನು ನೀವು ನೋಡಿರುತ್ತೀರಿ, ಸುತ್ತ ಲೋಳೆ, ನಡುವೆ ಕಪ್ಪು ಚುಕ್ಕಿ. ಕಪ್ಪೆ ಮೊಟ್ಟೆಯೂ ಹಾಗೇ ಇರುತ್ತದೆ, ಸುತ್ತ ಲೋಳೆ, ನಡುವೆ ಕಪ್ಪು ಚುಕ್ಕಿ. ಹಾಜರಿ ಮುಗಿಸಿ ಬಂದ ಯಜಮಾನರು ಜಗಲಿಯಲ್ಲಿ ಕೂತು ದೊಡ್ಡ ಲೋಟವೊಂದನ್ನು ತುಟಿಗೆ ತಂದಿದ್ದರು. ಅತ್ತೆ ಪಕ್ಕದಲ್ಲಿ ನಿಂತು “ಕುಡಿ, ಒಂದೇ ಗುಟುಕಿಗೆ ಕುಡಿ, ತಂಪು” ಎನ್ನುತ್ತಿದ್ದರು.

“ರೀ, ಕುಡೀಬೇಡಿ!” ಎಂದು ಕೂಗಿ ಲೋಟ ಕಿತ್ತುಕೊಂಡೆ. ಅವರು ಗಾಬರಿಯಾಗಿ “ಎಂತದೇ?” ಎಂದರು. “ಅದು ಕಪ್ಪೆ ಮೊಟ್ಟೆ!” ಎಂದೆ. ಅವರು ಎದ್ದು ಅಂಗಳಕ್ಕೆ ಓಡಿ, ಕುಡಿಯದೇ ಇದ್ದದ್ದನ್ನು ಉಗಿಯತೊಡಗಿದರು. “ಕೃಷ್ಣ ಕೃಷ್ಣ! ನಾನು ಸಕ್ಕರೆ, ನಿಂಬೆಹಣ್ಣು ಹಾಕಿದೀನಲ್ಲೇ!” ಎಂದು ಅತ್ತೆ ಎದೆ ಹಿಡಿದುಕೊಂಡರು. ಸಕ್ಕರೆ, ನಿಂಬೆಹಣ್ಣು ಬಿದ್ದಿದ್ದರೆ ಮೊಟ್ಟೆಯೂ ಮುಗಿಯಿತು, ನನ್ನ ಮರ್ಯಾದೆಯೂ ಮುಗಿಯಿತು. ಯಜಮಾನರ ಹೊಟ್ಟೆಗಿಂತ ಮೊಟ್ಟೆಯ ಯೋಚನೆಯೇ ಮೊದಲು ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಭೂತಗನ್ನಡಿ ಹಿಡಿದು ಲೋಟದಲ್ಲಿ ನೋಡಿದೆ. ಬರೀ ಬೀಜ. ಅಡುಗೆಮನೆಗೆ ಓಡಿ ಉಳಿದ ಬಟ್ಟಲಿಗೆ ಗಾಜು ಹಿಡಿದೆ. ಮೇಲರ್ಧ ಕಪ್ಪು, ಕೆಳಗರ್ಧ ಬಿಳಿ, ಮೊಟ್ಟೆಗಳು ಕ್ಷೇಮವಾಗಿದ್ದವು. ಹಾಗೆ ನೋಡುತ್ತಿದ್ದಂತೆಯೇ ಒಂದು ಮೊಟ್ಟೆಯ ಕಪ್ಪಿನ ನಡುವೆ ಸೂಜಿಯಲ್ಲಿ ಗೀರಿದಷ್ಟು ಸಣ್ಣ ಗೆರೆ ಕಾಣಿಸಿತು. ಗೆರೆ ಉದ್ದವಾಯಿತು, ಆಳವಾಯಿತು, ಅಂಚಿನಲ್ಲಿ ಇಳಿದು ಕೆಳಗೆ ಹೋಯಿತು. ಒಂದು ಇದ್ದದ್ದು ಎರಡಾಯಿತು! ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು ಬಗ್ಗಿದರು. “ಹೌದಲ್ಲೇ! ಯಾರೂ ಮುಟ್ಟದೆ ತಾನೇ ಎರಡಾಯ್ತಲ್ಲೇ! ಯಾರು ಹೇಳಿಕೊಟ್ರು ಇದಕ್ಕೆ?” ಎಂದರು. ಮೊದಮೊದಲು ಮರಿಯ ಸ್ವಂತ ಜೀನ್‌ಗಳು ಬಾಯಿ ಬಿಡುವುದಿಲ್ಲ, ತಾಯಿ ಮೊಟ್ಟೆಯೊಳಗೆ ಇಟ್ಟು ಕಳಿಸಿದ ಅಪ್ಪಣೆಯಂತೆಯೇ ಎಲ್ಲ ನಡೆಯುತ್ತದೆ ಎಂದೆ. ಅತ್ತೆ ಅಂಗಳದಲ್ಲಿ ಇನ್ನೂ ಉಗಿಯುತ್ತಿದ್ದ ಮಗನ ಕಡೆ ನೋಡಿ “ಕಪ್ಪೆಗಾದರೂ ಬುದ್ಧಿ ಇದೆ” ಎಂದರು.

ಬಸ್ಸಿನಲ್ಲಿ ಬಟ್ಟಲನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಆ ಗಂಭೀರ ಮುಖ ನೋಡಿದ ಕಂಡಕ್ಟರ್ ಪ್ರಸಾದವೆಂದು ತಿಳಿದು ಸೀಟು ಬಿಡಿಸಿಕೊಟ್ಟ. ಲ್ಯಾಬಿಗೆ ಹೋಗುವ ಹೊತ್ತಿಗೆ ಎರಡು ನಾಲ್ಕಾಗಿತ್ತು. ನಲವತ್ತು ಮಕ್ಕಳು ಸರದಿಯಲ್ಲಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಹಿಂದಿನ ಬೆಂಚಿನವರು ಮೊದಲ ಸಲ ಮುಂದೆ ಬರಲು ಜಗಳವಾಡಿದರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಹಾಜರಿಯ ಕತೆ ಹೇಳಿದೆ. ಎಲ್ಲರೂ ಯಾವ ಕೆಲಸಕ್ಕೂ ಆಗುವವರೇ, ಆದರೆ ನಿಂತ ಜಾಗ ನೋಡಿ, ಪಕ್ಕದವರ ಮಾತು ಕೇಳಿ ಕೆಲಸ ಗೊತ್ತಾಗುತ್ತದೆ. ಕೋಶದಲ್ಲೂ ಹಾಗೇ. ಮೊಟ್ಟೆಯ ಯಾವ ಮೂಲೆ ನಿನ್ನ ಪಾಲಿಗೆ ಬಂತು, ಪಕ್ಕದ ಕೋಶ ಯಾವ ಸುದ್ದಿ ಕಳಿಸಿತು ಎಂಬುದರ ಮೇಲೆ ಇಂಥ ಜೀನ್ ಏಳುತ್ತದೆ, ಇಂಥದ್ದು ಮಲಗುತ್ತದೆ. ಬೇಗ ಎತ್ತಿ ಬೇರೆ ಕಡೆ ಇಟ್ಟರೆ ಹೊಸ ಜಾಗದ ಕೆಲಸ ಕಲಿಯುತ್ತದೆ. ತಡವಾದರೆ ಗಿರಿಜಕ್ಕನಂತೆ ಎಲ್ಲಿ ಇಟ್ಟರೂ ಹಳೇ ಕೆಲಸವನ್ನೇ ಮಾಡುತ್ತದೆ. ಎಸ್ಟೇಟಿನ ಆಳುಗಳ ಲೈನ್ ಮನೆಗಳಿಂದ ಬರುವ ಮಕ್ಕಳು ಗೊಳ್ಳೆಂದು ನಕ್ಕರು. ಶಬಾನಾ “ಈಗ ಗೊತ್ತಾಯ್ತು ಮೇಡಂ!” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ಪಡೆದ ಬಹುಮಾನ ಅದೊಂದೇ, ಮತ್ತೊಂದು ಬೇಕಿಲ್ಲ.

ಅಷ್ಟರಲ್ಲಿ ನಾಲ್ಕು ಎಂಟಾಗುತ್ತಿತ್ತು. ಕೆಲವು ಮೊಟ್ಟೆಗಳನ್ನು ಹಾಕಿಟ್ಟಿದ್ದ ಗಾಜಿನ ಲೋಟಕ್ಕೆ ಪಕ್ಕದಿಂದ ಭೂತಗನ್ನಡಿ ಹಿಡಿದು ನೋಡಿದ ನಾನು “ಅರೇ, ಮೇಲಿನವು ಸಣ್ಣ! ಕೆಳಗಿನವು ದೊಡ್ಡ!” ಎಂದು ಚಿಕ್ಕ ಹುಡುಗಿಯಂತೆ ಕೂಗಿಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ಶಬಾನಾ ಉಳಿದಳು. “ಬೈಯಲ್ಲ ಅಂದ್ರೆ ಒಂದು ಹೇಳ್ಲಾ ಮೇಡಂ? ನೀವೂ ಇವತ್ತೇ ಮೊದಲು ನೋಡಿದ್ದು ಅಲ್ವಾ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಹೌದು ಮಾರಾಯ್ತಿ. ಹೇಗೆ ಗೊತ್ತಾಯ್ತು?”

“ಅಬ್ಬಾನ ಗ್ಯಾರೇಜ್ ಹಿಂದೆ ಹಳೇ ಲಾರಿ ಟೈರಲ್ಲಿ ಮಳೆನೀರು ನಿಲ್ತದಲ್ಲ, ಅಲ್ಲಿ ಪ್ರತಿ ವರ್ಷ ಮೊಟ್ಟೆ ಇಡ್ತವೆ. ಏಳನೇ ಕ್ಲಾಸಿಂದ ನೋಡ್ತಾ ಇದೀನಿ. ನೋಡಿದವರು ಇನ್ನೊಬ್ರು ಸಿಕ್ಕಿದ್ರಲ್ಲ ಅಂತ ಗುರುವಾರ ಖುಷಿಯಾಗಿತ್ತು. ಆಮೇಲೆ ನೀವು ಬಳೆಯಿಟ್ಟು ಎಂಟೂ ಒಂದೇ ಸೈಜಲ್ಲಿ ಬರೆದ್ರಿ” ಎಂದು ತಲೆ ತಗ್ಗಿಸಿದಳು. ಆಮೇಲೆ ನಗುತ್ತಾ “ಪರವಾಗಿಲ್ಲ ಮೇಡಂ, ಈಗ ಇಬ್ರಾದ್ವಿ” ಎಂದಳು.

ನಾಚಿಕೆಯಾಗಬೇಕಿತ್ತು. ಆಗಿದ್ದು ಹಿಗ್ಗು. ಆ ಹಿಗ್ಗಿನಲ್ಲೇ ಭಾನುವಾರ ಕಳೆದು, ಸೋಮವಾರ ಪಕ್ಕದ ಸೆಕ್ಷನ್ನಿಗೆ ಅದೇ ಪಾಠಕ್ಕೆ ಹೋದೆ. ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ಎದೆಯುಬ್ಬಿಸಿ, ಈ ಸಲ ಸತ್ಯವನ್ನೇ ಹೇಳುತ್ತಾ ಬೋರ್ಡಿನ ಕಡೆ ತಿರುಗಿದೆ. ಬರೆದು ಮುಗಿಸಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರೆ ಬಳೆ ನನ್ನ ಕೈಯಲ್ಲಿತ್ತು, ಬೋರ್ಡಿನ ಮೇಲೆ ಎಂಟು ಗುಂಡುಗಳು ಒಂದೇ ಅಳತೆಯಲ್ಲಿ ಸಾಲಾಗಿ ಕೂತಿದ್ದವು. ಸೆರಗಿನಲ್ಲಿ ಒರೆಸುತ್ತಾ, ಆ ಮೂರು ಸಾಲು ಸಸಿಗಳ ವಿಷಯದಲ್ಲಿ ಗಿರಿಜಕ್ಕನನ್ನು ಕ್ಷಮಿಸಿಬಿಡಬೇಕೆಂದು ಸಂಜೆ ಇವರಿಗೆ ಹೇಳಬೇಕು ಅಂದುಕೊಂಡೆ.