ಮೂರು ರಿವಾಲ್ವರು, ಒಂದು ಥ್ಯಾಂಕ್ಸು

ಎಲ್ಡನ್ ಪ್ರೂಯಿಟ್‌ಗೆ ಸಿಗರೇಟಿನ ಚಟವಿರಲಿಲ್ಲ, ಕುಡಿತದ ಚಟವಿರಲಿಲ್ಲ. ಇದ್ದದ್ದು ಥ್ಯಾಂಕ್ಸ್ ಹೇಳುವ ಚಟ. ಉಪಕಾರ ಮಾಡಿದವರ ಮುಖ ನೋಡಿಯೇ ಹೇಳಬೇಕು, ಬೆನ್ನು ಹಾಕಿಕೊಂಡು ಹೇಳಿದ್ದು ಗಾಳಿಗೆ ಹೋಗುತ್ತದೆ ಎಂದು ಅವನ ತಾಯಿ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಳು. ಅಮೆರಿಕದ ಮಿಸೌರಿ ರಾಜ್ಯದ ಆ ಪುಟ್ಟ ಊರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿದ್ದ ಅವನು, ಒಮ್ಮೆ ದಾರಿ ಬಿಟ್ಟುಕೊಟ್ಟ ಟ್ರ್ಯಾಕ್ಟರಿನವನಿಗೆ ಥ್ಯಾಂಕ್ಸ್ ಹೇಳಲು ಬಸ್ಸು ನಿಲ್ಲಿಸಿ ಇಳಿದು ಹೋಗಿ ಮಕ್ಕಳಿಗೆ ಮೊದಲ ಪೀರಿಯಡ್ ತಪ್ಪಿಸಿದ್ದ. ಆ ದಿನ ಮಕ್ಕಳೆಲ್ಲ ಅವನಿಗೇ ಥ್ಯಾಂಕ್ಸ್ ಹೇಳಿದ್ದರು.

ಈ ಶನಿವಾರ ಬೆಳಿಗ್ಗೆ ಊರಾಚೆಯ ಗನ್ ಕ್ಲಬ್ಬಿನ ಮೇಜಿನ ಮೇಲೆ ಅವನಿಗಾಗಿ ಮೂರು ರಿವಾಲ್ವರು ಕಾದಿದ್ದವು. ಮೂರೂ ಹಾರ್ಲನ್ ಟಿಬ್ಸ್‌ನವು. ಹಾರ್ಲನ್ ಎಂದರೆ ಓಡುತ್ತ, ಬಗ್ಗುತ್ತ, ಗಡಿಯಾರದ ಜೊತೆ ಜಿದ್ದಿಗೆ ಬಿದ್ದು ಗುಂಡು ಹೊಡೆಯುವ ಇಲ್ಲಿಯ ಸ್ಪರ್ಧೆಗಳನ್ನು ಮೂವತ್ತು ವರ್ಷ ನಡೆಸಿದವನು. ಎಲ್ಡನ್‌ಗೆ ಗುರಿ ಕಲಿಸಿದವನೂ ಅವನೇ. ನಿಯಮ ಮುರಿದರೆಂದು ಊರಿನ ಪಾದ್ರಿಯನ್ನೇ ಅರ್ಧಕ್ಕೆ ಮನೆಗೆ ಕಳಿಸಿದ್ದ ಕಟ್ಟುನಿಟ್ಟಿನ ಮನುಷ್ಯ. ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನು ಬರೆದಿಟ್ಟಿದ್ದ ಪತ್ರವನ್ನು ಹೆಂಡತಿ ವರ್ನಾ ಎಲ್ಲರ ಮುಂದೆ ಓದಿದಳು.

"ಮೂರರಲ್ಲಿ ಒಂದನ್ನ ಎಲ್ಡನ್ ಆರಿಸ್ಕೊಳ್ಳಲಿ. ಅದರಲ್ಲೇ ಒಂದು ಸ್ಪರ್ಧೆ ಪೂರ್ತಿ ಮುಗಿಸಿದ್ರೆ ಅದು ಅವನದ್ದು. ನಿಯಮ ಮುರಿದು ಮಧ್ಯದಲ್ಲೇ ಮನೆಗೆ ಹೋಗ್ಬೇಕಾದ್ರೆ ಮೂರೂ ನಮ್ಮ ಅಳಿಯನಿಗೆ."

ಅಷ್ಟು ಓದುವಷ್ಟರಲ್ಲಿ ವರ್ನಾಳ ಕನ್ನಡಕ ಮಂಜಾಯಿತು. ಪತ್ರ ಮಡಿಚಿ ಕೈಚೀಲಕ್ಕೆ ತುರುಕಿ ಮೂಗು ಒರೆಸಿಕೊಂಡಳು. ಟಲ್ಸಾ ನಗರದಲ್ಲಿರುವ ಆ ಅಳಿಯ ಹುಟ್ಟಿದ ಮೇಲೆ ಯಾರಿಗೂ ಥ್ಯಾಂಕ್ಸ್ ಹೇಳಿದವನಲ್ಲ. ಹಾರ್ಲನ್ನನ ರಿವಾಲ್ವರು ಅವನ ಪಾಲಾಗುವುದು ಎಲ್ಡನ್‌ಗೆ ಸಹಿಸದ ಮಾತು.

"ಥ್ಯಾಂಕ್ಸ್ ವರ್ನಮ್ಮ," ಎಂದ, ಆಕೆಯ ಮುಂದೆ ಬಂದು ನಿಂತು, ಟೋಪಿ ತೆಗೆದು.

"ನನಗ್ಯಾಕಪ್ಪ? ಮೊದಲು ಆರಿಸ್ಕೋ."

ಆರಿಸುವ ಹೊಣೆ ತಮ್ಮದೇ ಎಂಬಂತೆ ಇಬ್ಬರು ಆಗಲೇ ಮೇಜಿಗೆ ಆತುಕೊಂಡಿದ್ದರು. ಒಬ್ಬ ಕ್ಷೌರದಂಗಡಿಯ ಡ್ವೈಟ್, ಇನ್ನೊಬ್ಬ ದನದ ಮೇವು ಮಾರುವ ರಾಯ್ಸ್.

"ಈ ಮೋಟುಕೊಳವೆ ತಗೋ," ಎಂದ ಡ್ವೈಟ್. "ಸೊಂಟದಿಂದ ಸರಕ್ಕಂತ ಬರುತ್ತೆ."

"ತಲೆ ಬೋಳಿಸೋನ ಮಾತು ಕೇಳಬೇಡ. ಇದು ನೋಡು, ಎಂಟು ಗುಂಡಿಂದು! ಅವೆರಡರಲ್ಲೂ ಆರೇ ಆರು. ಪದೇ ಪದೇ ಗುಂಡು ತುಂಬ್ತಾ ನಿಂತ್ರೆ ಸಂಜೆ ಆಗುತ್ತೆ ಮಾರಾಯ," ಎಂದ ರಾಯ್ಸ್.

ತಮಾಷೆಯೆಂದರೆ ಇಬ್ಬರ ಸೊಂಟದಲ್ಲೂ ಇದ್ದದ್ದು ಇಪ್ಪತ್ತು ಗುಂಡಿನ ಪಿಸ್ತೂಲು. ಆ ದಿನ ರಿವಾಲ್ವರ್ ವಿಭಾಗಕ್ಕೆ ಹೆಸರು ಕೊಟ್ಟವನು ಎಲ್ಡನ್ ಒಬ್ಬನೇ.

ಅವನು ಒಂದೊಂದನ್ನೇ ಎತ್ತಿ ಗುಂಡು ತುಂಬದೆ, ಬೆರಳಿಟ್ಟು ಎಳೆಯುವ ಕುದುರೆಯನ್ನು ಎಳೆದು ನೋಡಿದ. ಬಸ್ಸಿನ ಗೇರು ಹಾಕಿ ಹಾಕಿ ಅವನ ಬೆರಳ ಗೆಣ್ಣುಗಳು ಊದಿದ್ದವು. ಎಂಟರದ್ದು ತುಕ್ಕು ಹಿಡಿದ ಬಾವಿ ರಾಟೆಯಂತೆ ಬಿಗಿ. ಮೋಟುಕೊಳವೆಯದು ಕೈಯಲ್ಲಿ ನಿಲ್ಲಲಿಲ್ಲ. ಮೂರನೆಯದು ಹಳೆಯದು, ಉದ್ದ ಕೊಳವೆಯದು, ಹಿಡಿಯ ಮರ ಹಾರ್ಲನ್ನನ ಅಂಗೈ ತಾಗಿ ತಾಗಿ ಸವೆದಿತ್ತು. ಅದರ ಕುದುರೆ ಬೆಣ್ಣೆಯಂತೆ ಜಾರಿತು.

"ಇದೇ," ಎಂದ.

"ಹಾಳಾಗಿ ಹೋಗು," ಎಂದ ಡ್ವೈಟ್, ತನ್ನ ಬೆಲ್ಟು ಬಿಚ್ಚಿ ಅವನಿಗೆ ಕಟ್ಟುತ್ತ. ರಾಯ್ಸ್ ಮುಖ ಊದಿಸಿಕೊಂಡೇ ಮನೆಗೆ ಓಡಿ, ಆರು ಗುಂಡು ಒಟ್ಟಿಗೆ ಕಚ್ಚಿ ಹಿಡಿಯುವ ತಗಡಿನ ಬಿಲ್ಲೆಗಳನ್ನು ಒಂದು ಡಬ್ಬಿ ತಂದುಕೊಟ್ಟ. ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಮುಗಿಸುವಷ್ಟರಲ್ಲಿ ಸ್ಪರ್ಧೆಗೆ ಕರೆ ಬಂತು.

ವಾರವೆಲ್ಲ ದಂತವೈದ್ಯರ ಬಳಿ ಕೆಲಸ ಮಾಡುವ ರೊಂಡಾ ಇವತ್ತಿನ ಸ್ಪರ್ಧೆಯ ಅಧಿಕಾರಿ. "ಕೊಳವೆ ಯಾವಾಗ್ಲೂ ಗುರಿಹಲಗೆ ಹಿಂದಿರೋ ಆ ಮಣ್ಣಿನ ದಿಬ್ಬದ ಕಡೆಗೇ ಇರ್ಬೇಕು," ಎಂದಳು. "ಪಕ್ಕಕ್ಕೆ ತಿರುಗ್ತೋ, ಗುಂಡಿರಲಿ ಬಿಡಲಿ, ಆಟ ಅಲ್ಲಿಗೇ ಮುಗೀತು. ನನ್ನ ತಾತ ಬಂದ್ರೂ ಅಷ್ಟೇ."

ಮೊದಲ ಸುತ್ತಿನಲ್ಲಿ ಎಲ್ಡನ್ ಎಣಿಕೆ ತಪ್ಪಿ ಏಳನೆಯ ಗುಂಡಿಗಾಗಿ ಮೂರು ಸಲ ಕುದುರೆ ಎಳೆದ. ಎರಡನೆಯದರಲ್ಲಿ ಅವನ ಟೋಪಿ ಹಾರಿತು, ಮೂರನೆಯದರಲ್ಲಿ ಪ್ಯಾಂಟು ಜಾರಿತು. ಡ್ವೈಟ್‌ನ ಸೊಂಟ ದೊಡ್ಡದು, ಅವನ ಬೆಲ್ಟು ಎಲ್ಡನ್‌ಗೆ ಸಡಿಲ. ನಾಲ್ಕನೆಯದರ ಹೊತ್ತಿಗೆ, ಹಿಂಜೇಬಿನಲ್ಲಿಟ್ಟುಕೊಂಡು ಕೂತಿದ್ದರಿಂದ ಒಂದು ಬಿಲ್ಲೆ ಸೊಟ್ಟಗಾಗಿ ರಿವಾಲ್ವರಿನ ಗುಂಡಿನ ಚಕ್ರ ತಿರುಗಲೇ ಇಲ್ಲ. ರಾಯ್ಸ್ ಹಣೆ ಚಚ್ಚಿಕೊಂಡ. ಆದರೆ ಕೊಳವೆ ಮಾತ್ರ ದಿಬ್ಬ ಬಿಟ್ಟು ಕದಲಲಿಲ್ಲ.

ಐದನೆಯದೇ ಕೊನೆಯ ಸುತ್ತು. ಏನಾಯಿತೋ, ಎಲ್ಡನ್ ಹುಡುಗನಂತೆ ಓಡಿದ. ಆರು ಹೊಡೆದ, ತುಂಬಿದ, ಮತ್ತೆ ಆರು. ಕೊನೆಯ ಗುಂಡಿಗೆ ಕಬ್ಬಿಣದ ತಟ್ಟೆ ಠಣ್ಣೆಂದು ಉರುಳಿತು. ಇನ್ನು ಗುಂಡು ತೆಗೆದು ಖಾಲಿ ತೋರಿಸಿ, ಬೆಲ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಅಷ್ಟರಲ್ಲಿ ಹಿಂದಿನಿಂದ ಜೋರಾಗಿ ಚಪ್ಪಾಳೆ ಕೇಳಿತು.

"ಭಲೇ ಎಲ್ಡನ್! ನಮ್ಮ ಹಾರ್ಲನ್ ಹೊಡೆದಂಗೇ ಇತ್ತು ಕಣಪ್ಪ!" ವರ್ನಾ ಅಳುತ್ತ ಕೂಗುತ್ತಿದ್ದಳು.

"ಥ್ಯಾಂಕ್ಸ್ ವರ್ನಮ್ಮ!" ಎಂದ ಎಲ್ಡನ್, ಆಕೆಯ ಮುಖ ನೋಡಿಯೇ.

"ನಿಲ್ಲಿಸಿ!" ಎಂದು ರೊಂಡಾ ಕಿರುಚಿದಳು. ಅವನ ಜೊತೆ ರಿವಾಲ್ವರೂ ತಿರುಗಿತ್ತು.

ರಿವಾಲ್ವರು ಖಾಲಿ ಮಾಡಿಸಿಕೊಳ್ಳುವಾಗ ರೊಂಡಾಳ ಕಣ್ಣೂ ಒದ್ದೆಯಾಗಿತ್ತು. "ಏನ್ಮಾಡ್ಲಿ ಎಲ್ಡನ್, ನಿಯಮ."

"ಸರಿಯಾಗೇ ಮಾಡ್ದೆ ತಾಯಿ. ಹಾರ್ಲನ್ ಇದ್ದಿದ್ರೂ ಇದನ್ನೇ ಮಾಡ್ತಿದ್ದ. ಥ್ಯಾಂಕ್ಸ್."

ಡ್ವೈಟ್‌ಗೆ ತಡೆಯಲಾಗಲಿಲ್ಲ. "ಮೋಟು ತಗೊಂಡಿದ್ರೆ ಕೊಳವೆ ಅಷ್ಟು ದೂರ ಹೋಗ್ತಾನೇ ಇರ್ಲಿಲ್ಲ!"

"ಎಂಟರದ್ದಾಗಿದ್ರೆ ಇನ್ನೂ ಗುಂಡು ಉಳಿದಿರ್ತಿದ್ವು. ಥ್ಯಾಂಕ್ಸ್ ಹೇಳೋಕೆ ಪುರುಸೊತ್ತೆಲ್ಲಿರ್ತಿತ್ತು?" ಎಂದ ರಾಯ್ಸ್.

ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ರಿವಾಲ್ವರ್ ವಿಭಾಗದ ಎದುರು 'ಗೆದ್ದವರು ಯಾರೂ ಇಲ್ಲ' ಎಂದಿತ್ತು. ಒಬ್ಬನೇ ಓಡಿದ ಓಟದಲ್ಲೂ ಎಲ್ಡನ್ ಸೋತಿದ್ದ, ಮೂರೂ ರಿವಾಲ್ವರು ಅಳಿಯನ ಪಾಲಾಗಿದ್ದವು. ಆಟದಿಂದ ಹೊರಬಿದ್ದವರು ಉಳಿದವರಿಗಾಗಿ ಗುರಿಹಲಗೆಯ ತೂತುಗಳಿಗೆ ಅಂಟುಚೀಟಿ ಹಚ್ಚುವುದು ಅಲ್ಲಿಯ ರೂಢಿ. ಅವನು ಒಂದು ಸುರುಳಿ ಹಿಡಿದು ಆ ಕೆಲಸಕ್ಕೆ ನಿಂತ. ಬೇಜಾರಿತ್ತು, ಸುಳ್ಳೇಕೆ. ಆದರೆ ಅಂಗೈಯಲ್ಲಿ ಆ ಸವೆದ ಮರದ ನುಣುಪು ಇನ್ನೂ ಇತ್ತು.

ಮೂಗು ಒರೆಸಲು ಕರವಸ್ತ್ರ ಹುಡುಕುತ್ತಿದ್ದ ವರ್ನಾಳ ಕೈಗೆ ಪತ್ರ ಸಿಕ್ಕಿತು. ಕನ್ನಡಕ ಒರೆಸಿಕೊಂಡು ಮಡಿಕೆ ಬಿಚ್ಚಿ ಕೊನೆಯವರೆಗೂ ಓದಿದಳು. ಆಮೇಲೆ ಮೆಲ್ಲಗೆ ಅವನ ಹಿಂದೆ ಬಂದಳು.

"ಎಲ್ಡನ್, ಕೆಳಗಡೆ ಇನ್ನೊಂದು ಸಾಲಿತ್ತು ಕಣೋ. ನಾನು ನೋಡ್ಲೇ ಇಲ್ಲ."

"ಏನಂತೆ?"

"'ವರ್ನಾ, ಅವನು ಹೊಡೆಯುವಾಗ ದಯವಿಟ್ಟು ಯಾರೂ ಚಪ್ಪಾಳೆ ತಟ್ಟದ ಹಾಗೆ ನೋಡ್ಕೋ. ಮುಖ್ಯವಾಗಿ ನೀನು.'"

ಎಲ್ಡನ್ ಇನ್ನೊಂದು ತೂತಿಗೆ ಚೀಟಿ ಹಚ್ಚಿದ. ತನ್ನನ್ನು ಇಷ್ಟು ಚೆನ್ನಾಗಿ ಅರಿತವನು ಒಬ್ಬನಾದರೂ ಇದ್ದನಲ್ಲ ಎನಿಸಿ ಕಣ್ಣು ತುಂಬಿತು. ಓದಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎನ್ನಲು ಗಿರಕ್ಕನೆ ತಿರುಗಿದ. ಸುರುಳಿ ಕೈಜಾರಿ ಇಳಿಜಾರಿನುದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಗಿ ರೊಂಡಾಳ ಬೂಟಿಗೆ ಅಂಟಿಕೊಂಡಿತು.

"ಇದಕ್ಕೇನೂ ನಿಯಮ ಇಲ್ಲ," ಎಂದಳು ರೊಂಡಾ. "ಹೇಳ್ಕೋ."