ನನ್ನನ್ನು ಬೈಯುವ ಹಕ್ಕು

ಮನೆಯಲ್ಲಿ ಬೈಯುವವರಿಲ್ಲದಿದ್ದರೆ ಕೆಲವರಿಗೆ ಹೊತ್ತು ಹೋಗುವುದಿಲ್ಲ. ಪುಣ್ಯಕ್ಕೆ ನನಗೆ ಆ ಕೊರತೆ ಇರಲಿಲ್ಲ. ಆ ಕೆಲಸವನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಒಗ್ಗರಣೆ ಸೀದರೆ, ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಆಫೀಸಿನಲ್ಲಿ ಕಾರ್ಬನ್ ಹಾಳೆ ತಿರುಗಾಮುರುಗಾ ಹಾಕಿ ಟೈಪ್ ಮಾಡಿದರೆ, ನನಗೆ ನಾನೇ ಮಂಗಳಾರತಿ ಮಾಡಿಕೊಳ್ಳುತ್ತಿದ್ದೆ. ಅದೂ ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಬೆಚ್ಚಿ ಬೀಳುತ್ತಿದ್ದರು. ಆಮೇಲೆ ಅದನ್ನೂ ರೇಡಿಯೋ ಲೆಕ್ಕಕ್ಕೆ ಸೇರಿಸಿ ಪೇಪರ್ ಓದತೊಡಗಿದರು.

ಎಂಬತ್ತರ ದಶಕದ ಮಾತು. ನನ್ನ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಮಗು ನೋಡಿಕೊಳ್ಳಲೆಂದು ಮಾಗಡಿಯಿಂದ ಅತ್ತೆ ನಮ್ಮ ರಾಜಾಜಿನಗರದ ವಠಾರಕ್ಕೆ ಬಂದರು. ಅವರು ನಿಂತರೆ ನನ್ನ ನೌಕರಿ ಉಳಿದಂತೆ. ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತೆಂದು ಬಿಂದಿಗೆ ಹಿಡಿದು ಓಡಿದೆ. ವಾಪಸು ಬರುವಷ್ಟರಲ್ಲಿ ಹಾಲೆಲ್ಲ ಉಕ್ಕಿ ಸೀಮೆಎಣ್ಣೆ ಸ್ಟವ್ ಆರಿಹೋಗಿತ್ತು. ಅಭ್ಯಾಸಬಲದಿಂದ ಶುರು ಮಾಡಿದೆ. “ಮೂರು ಹೊತ್ತು ತಿನ್ನೋದೊಂದು ಗೊತ್ತು! ಹಾಲು ಉಕ್ಕುತ್ತೆ ಅಂತ ಜ್ಞಾನ ಬೇಡ್ವಾ? ನಿನ್ನಂಥೋಳನ್ನ ಕಟ್ಕೊಂಡು ಈ ಮನೆ ಉದ್ಧಾರ ಆದ ಹಾಗೇ!”

ತಿರುಗಿ ನೋಡಿದರೆ ಅಡುಗೆಮನೆ ಬಾಗಿಲಲ್ಲೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆ ಕೂತಿದ್ದರು. ಮಗುವನ್ನು ನನ್ನ ಕೈಗಿತ್ತು, ಒಳಗೆ ಹೋಗಿ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು.

“ನಿನ್ನ ಹಾಲು ಕಾಯೋಕೆ ಬಂದೋಳಲ್ಲಮ್ಮ ನಾನು. ಮಾಗಡಿ ಬಸ್ ಎಷ್ಟೊತ್ತಿಗೆ, ಹೇಳು.”

ಮಗುವನ್ನು ಎತ್ತಿಕೊಂಡೇ ಅವರ ಹಿಂದೆ ಓಡಿದೆ. “ಅತ್ತೆ, ದೇವರಾಣೆ, ನಿಮಗಲ್ಲ ಅಂದಿದ್ದು. ನನ್ನನ್ನೇ ನಾನು ಬೈಕೊಂಡೆ. ಇವರನ್ನ ಬೇಕಾದ್ರೆ ಕೇಳಿ.”

ಯಜಮಾನರು ಪೇಪರಿನ ಹಿಂದಿನಿಂದಲೇ, “ಹೂಂ ಕಣಮ್ಮ, ದಿನಾ ಇದೇ,” ಎಂದರು. ಅವರು ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟಿದ್ದು ಅದೊಂದೇ ಸಲ.

ಅತ್ತೆ ನಗುತ್ತಾರೆಂದುಕೊಂಡೆ. ಅವರ ಕೋಪ ಇನ್ನೂ ಏರಿತು. “ಇಷ್ಟು ಕೆಟ್ಟದಾಗಿ ನಾನು ಬೈದಿದ್ರೆ ನೀನು ತವರಿಗೆ ಹೋಗ್ತಿರಲಿಲ್ವೇನೇ? ಹಸಿ ಬಾಣಂತಿ, ನಿದ್ದೆ ಇಲ್ಲ, ನೀರೂ ಹೊತ್ತು ತರ್ತೀಯ. ನನ್ನ ಸೊಸೇನ ಹಂಗೆಲ್ಲ ಅನ್ನೋಕೆ ನೀನ್ಯಾರೇ? ಬೈಯೋದಿದ್ರೆ ನಾನಿದೀನಿ!”

ಅತ್ತೆಯೇ ಸೊಸೆಯ ಪರ ವಕಾಲತ್ತು ವಹಿಸಿದ್ದನ್ನು ಕೇಳಿ ನನಗೆ ಅಳು ಬಂತು. ನನ್ನ ಪರವಾಗಿಯೂ ಮಾತಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅವರು ಉಳಿದರು, ನೌಕರಿಯೂ ಉಳಿಯಿತು. ಆ ಉಪಕಾರವನ್ನು ಇಂದಿಗೂ ನೆನೆಯುತ್ತೇನೆ.

ಅಂದಿನಿಂದ ಏನಾದರೂ ಕೆಟ್ಟರೆ, “ಹೋಗ್ಲಿ ಬಿಡೇ, ನೀನಾದ್ರೂ ಎಷ್ಟೂಂತ ಮಾಡ್ತೀಯ,” ಎಂದುಕೊಳ್ಳಲು ಕಲಿತೆ. ಮೊದಮೊದಲು ನಾಲಿಗೆ ಹೊರಳಲಿಲ್ಲ. ಆಮೇಲೆ ಎಷ್ಟು ಸಲೀಸಾಯಿತೆಂದರೆ, ಒಂದು ಭಾನುವಾರ ತಳಹಿಡಿದ ಹುಳಿಯ ಮುಂದೆ ನಿಂತು ನನ್ನನ್ನು ನಾನು ಬಹಳ ಹೊತ್ತು ಸಂತೈಸಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, “ಸಮಾಧಾನ ಆಯ್ತೇನೇ? ಈಗ ನಾನು ಶುರು ಮಾಡ್ಲಾ?” ಎಂದರು.